ನಡುಗಬ್ಬಿನ ಮರಿ

ಕಳೆದ ವಾರ ಅರಕೆರೆಯಲ್ಲಿ ಗೆಳೆಯನ ಮಗಳ ಮದುವೆ ಊಟ ಮುಗಿಸಿ, ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ವಾಪಸು ಬರುತ್ತಿದ್ದೆ. ನಾಲೆಯ ಪಕ್ಕದ ಗದ್ದೆಯಲ್ಲಿ ಯಾರೋ ಕಬ್ಬು ಕಡಿದು ತರಗಿಗೆ ಬೆಂಕಿ ಹಾಕಿದ್ದರು. ಹೊಗೆ ರಸ್ತೆಗೆ ಅಡ್ಡ ಬಿದ್ದಿತ್ತು. ಕಬ್ಬಿನ ತರಗು ಸುಟ್ಟ ಹೊಗೆಯಲ್ಲಿ ಒಂದು ಸಿಹಿ ಇರುತ್ತದೆ, ಆಲೆಮನೆ ನೆನಪಾಗುತ್ತದೆ ಅನ್ನುತ್ತಾರೆ ಈ ಸೀಮೆಯವರು. ನನಗೆ ಆಲೆಮನೆ ನೆನಪಾಗುವುದಿಲ್ಲ. ಗಾಡಿ ನಿಲ್ಲಿಸಿ ಮೋರಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. "ಕ್ಯಾ ಹುವಾ ಜೀ, ಊಟ ಜಾಸ್ತಿ ಆಯ್ತಾ?" ಎಂದಳು ಹೆಂಡತಿ. ಹೌದು ಅಂದೆ. ಊಟದ ಮೇಲೆ ಹಾಕಿದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ನಾನು ಡ್ರೈವರು. ಲಾರಿ ಓಡಿಸಿದ್ದೇನೆ, ಮದುವೆ ವ್ಯಾನು ಓಡಿಸಿದ್ದೇನೆ. ಒಂದು ಕಬ್ಬಿನ ಕಾಲದಲ್ಲಿ ಮಾತ್ರ ಪಾಂಡವಪುರದ ಕಡೆ ಅರಣ್ಯ ಇಲಾಖೆಯ ಪಿಕಪ್ ಗಾಡಿಗೆ ಗುತ್ತಿಗೆ ಡ್ರೈವರಾಗಿ ಸೇರಿದ್ದೆ. ಕಾಡಿನ ಕೆಲಸ ಅಂದರೆ ನೆರಳು, ತಂಪು, ನಿದ್ದೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಅಲ್ಲಿ ಕಾಡೇ ಇರಲಿಲ್ಲ. ಗದ್ದೆ, ನಾಲೆ, ಕೊಟ್ಟಿಗೆ, ಊರು, ಮತ್ತೆ ಗದ್ದೆ. ಗುಡ್ಡಗಳಿದ್ದವು. ಆದರೆ ಅರ್ಧಕ್ಕರ್ಧ ಗುಡ್ಡವನ್ನು ಸಿಡಿಮದ್ದು ಇಟ್ಟು ಜಲ್ಲಿ ಮಾಡಿ ಮಾರಿಕೊಂಡು ಆಗಿತ್ತು. ಅಲ್ಲಿ ಗವಿ ಹುಡುಕಿಕೊಂಡು ಮಲಗುತ್ತಿದ್ದ ಚಿರತೆಗಳು ಇಳಿದು ಬಂದು ಕಬ್ಬಿನಲ್ಲಿ ಸಂಸಾರ ಹೂಡಿದ್ದವು. ನೀರಿದೆ, ನೆರಳಿದೆ, ತಿನ್ನಲು ಊರ ನಾಯಿ ಇವೆ, ಇಲಿ ಹೆಗ್ಗಣ ಇವೆ. ಕಬ್ಬಿನಲ್ಲೇ ಹುಟ್ಟಿದ ಚಿರತೆಗೆ ಕಬ್ಬೇ ಕಾಡು. ಆ ಕಾಡನ್ನು ವರ್ಷಕ್ಕೊಮ್ಮೆ ಬುಡಸಮೇತ ಕತ್ತರಿಸಿ ಟ್ರಾಕ್ಟರಿಗೆ ತುಂಬುತ್ತಾರೆ ಅಂತ ಅದಕ್ಕೆ ಯಾರು ಹೇಳಬೇಕು?

ನನ್ನ ಜೊತೆ ಗಾಡಿಯಲ್ಲಿ ಇರುತ್ತಿದ್ದವಳು ಗಾರ್ಡ್ ಭಾಗ್ಯ. ಕಿಕ್ಕೇರಿ ಕಡೆಯ ಗೌಡರ ಮಗಳು, ಅವಳ ಅಪ್ಪನದೂ ಕಬ್ಬಿನ ಗದ್ದೆಯೇ. ಖಾಕಿ ಹಾಕಿಕೊಂಡರೆ ಯಾರಿಗೂ ಸೊಪ್ಪು ಹಾಕುವವಳಲ್ಲ. ನನ್ನನ್ನು ಅಕ್ರಂ ಅಣ್ಣ ಅನ್ನುತ್ತಿದ್ದಳು, ತಪ್ಪು ಗೇರು ಹಾಕಿದರೆ ಬರೀ ಅಕ್ರಂ ಅನ್ನುತ್ತಿದ್ದಳು. ಹಳ್ಳಿಯವರು ನನಗೆ ಸಾಬ್ರೇ, ಅವಳಿಗೆ ಮೇಡಮ್ಮೋರೇ. ಕೋಪ ಬಂದಾಗ ಇಬ್ಬರಿಗೂ ಸೇರಿಸಿ ಒಂದೇ ಬೈಗುಳ.

ತೊಣ್ಣೂರು ಕೆರೆಯ ಆಚೆ ಗುಡ್ಡದ ಬುಡಕ್ಕೆ ಒಂದು ಕೊಪ್ಪಲಿದೆ. ಹೆಸರು ಬೇಡ, ಅಲ್ಲಿಯವರು ಇವತ್ತಿಗೂ ನನ್ನನ್ನು ಕಂಡರೆ ಕಾಫಿ ಕುಡಿಸುತ್ತಾರೆ. ಊರಿಗೂ ಗುಡ್ಡಕ್ಕೂ ನಡುವೆ ಪುಟ್ಟಸ್ವಾಮಣ್ಣನ ಕಬ್ಬಿನ ಗದ್ದೆ. ಗಟ್ಟಿ ಆಳು, ದೊಡ್ಡ ಗಂಟಲು, ಬಂದವರಿಗೆ ಮುದ್ದೆ ಇಕ್ಕದೆ ಕಳಿಸದವನು. ಅವನ ಕರುವನ್ನು ಆ ಸಲ ಚಿರತೆ ಕೊಟ್ಟಿಗೆಯಿಂದಲೇ ಎಳೆದುಕೊಂಡು ಹೋಗಿತ್ತು. ಭಾಗ್ಯ ಗದ್ದೆಯ ಬದುವಿನ ಮೇಲೆ ಹೆಜ್ಜೆ ನೋಡಿ, ದೊಡ್ಡ ಹೆಜ್ಜೆಯ ಪಕ್ಕ ಸಣ್ಣ ಹೆಜ್ಜೆಗಳನ್ನೂ ನೋಡಿ, ಅವನನ್ನು ಕರೆದು ಕೂರಿಸಿಕೊಂಡಳು.

"ಅಣ್ಣ, ಒಳಗೆ ತಾಯಿ ಮರಿ ಹಾಕಿದೆ. ಕಟಾವು ಬಂದಾಗ ನಾಲೆ ಕಡೆಯಿಂದ ಕಡೀರಿ. ಒಂದೇ ಕಡೆಯಿಂದ. ಗುಡ್ಡದ ಕಡೆ ಮುಟ್ಟಬೇಡಿ. ನೀವು ಕಡೀತಾ ಹೋದ ಹಾಗೆ ಅದು ಮರಿ ಕಚ್ಚಿಕೊಂಡು ಹಿಂದೆ ಸರೀತಾ ಹೋಗುತ್ತೆ. ಕೊನೆಗೆ ಗುಡ್ಡ ಹತ್ತುತ್ತೆ. ನಿಮಗೂ ಪೀಡೆ ಕಳೀತು, ನನಗೂ ಕಳೀತು."

"ನಿಮ್ಗೆ ಚಿರ್ತೆ ನೋಡಕ್ಕೆ ಚೆಂದ ಕಣವ್ವ," ಅಂದ ಪುಟ್ಟಸ್ವಾಮಣ್ಣ. "ನಮ್ಗೆ ಕರೆಂಟು ಕೊಡೋದೇ ಸರೊತ್ನಲ್ಲಿ. ಬ್ಯಾಟ್ರಿ ಇಡ್ಕಂಡು ನೀರು ಕಟ್ಟಕ್ಕೆ ನಾನು ಓಗ್ಬೇಕು. ನಮ್ ಮೊಮ್ಮಗ ಇಸ್ಕೂಲ್ಗೆ ಇದೇ ಬದಿನ್ ಮೇಲೆ ಓಗ್ಬೇಕು. ನಿಮ್ ಸಾಯೇಬ್ರು ಒಂದ್ ದಿನ ಬಂದು ನೀರು ಕಟ್ಲಿ ನೋಡವಾ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಭಾಗ್ಯಳೂ ತಲೆ ಆಡಿಸಿದಳು. ಕೊನೆಗೆ ಅವನು, "ಆಯ್ತು, ಒಂದ್ ಕಡೆಯಿಂದ್ಲೇ ಕಡೀತೀವಿ. ಮಾತು ಕೊಟ್ಟೆ, ಓಗು" ಎಂದ. ಆ ದಿನ ಅವನ ಮನೆಯಲ್ಲಿ ಉಪ್ಸಾರು ಮುದ್ದೆ ಊಟ. ಭಾಗ್ಯ ಖುಷಿಯಲ್ಲಿ ಎರಡು ಮುದ್ದೆ ಉಂಡಳು.

ಈ ಸೀಮೆಯಲ್ಲಿ ಕಬ್ಬು ಕಡಿಯುವುದಕ್ಕೆ ಇನ್ನೊಂದು ರೀತಿ ಇದೆ. ನಾಲ್ಕು ಕಡೆಯಿಂದಲೂ ಕಡಿದುಕೊಂಡು ಬಂದು ನಡುವೆ ಒಂದು ತುಂಡು ಉಳಿಸುತ್ತಾರೆ. ನಡುಗಬ್ಬು. ಗದ್ದೆಯೊಳಗೆ ಏನೇನು ಸೇರಿಕೊಂಡಿತ್ತೋ, ಮೊಲವೋ ಕಾಡುಹಂದಿಯೋ, ಎಲ್ಲ ಆ ತುಂಡಿಗೆ ಬಂದು ಸೇರಿರುತ್ತದೆ. ಕೊನೆಯ ದಿನ ಊರ ಗಂಡಸರೆಲ್ಲ ದೊಣ್ಣೆ, ಬಲೆ, ನಾಯಿ ತಂದು ಸುತ್ತ ನಿಲ್ಲುತ್ತಾರೆ. ಹೊರಗೆ ಬಿದ್ದದ್ದನ್ನು ಬಡಿಯುತ್ತಾರೆ. ಮಾಂಸ ಪಾಲು ಹಾಕಿ ಮನೆಮನೆಗೆ ಹಂಚುತ್ತಾರೆ. ಕಾನೂನು ಒಪ್ಪುವುದಿಲ್ಲ, ಆದ್ದರಿಂದ ಗಾರ್ಡು ಇಲ್ಲದ ದಿನ ನೋಡಿ ಮಾಡುತ್ತಾರೆ. ಭಾಗ್ಯ ಮಂಡ್ಯಕ್ಕೆ ಮೀಟಿಂಗಿಗೆ ಹೋದ ದಿನ ಅವರಿಗೆ ಸಿಕ್ಕಿತು.

ನಾಲೆಯ ಕಡೆಯಿಂದಲೇ ಶುರು ಮಾಡಿದ್ದರಂತೆ. ಮಾತು ಕೊಟ್ಟಿದ್ದನಲ್ಲ. ಅಷ್ಟರಲ್ಲಿ ಯಾರೋ ಹಂದಿ ಲದ್ದಿ ಕಂಡೆ ಎಂದ. ಇನ್ಯಾರೋ ಹಂದಿ ಉಸಿರು ಕೇಳಿತು ಎಂದ. ಹಂದಿ ಅಂದಮೇಲೆ ಊರು ಮನೆಯಲ್ಲಿ ಕೂರುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಗುಡ್ಡದ ಕಡೆಯಿಂದಲೂ ಮಚ್ಚು ಬಿತ್ತು, ಮಿಕ್ಕ ಎರಡು ಕಡೆಯಿಂದಲೂ ಬಿತ್ತು. ಒಂದು ಕೊಟ್ಟಿಗೆಯಷ್ಟು ಅಗಲದ ನಡುಗಬ್ಬು ಉಳಿಯಿತು. ನಾಯಿಗಳನ್ನು ಛೂ ಬಿಟ್ಟರೆ ನಾಯಿಗಳು ಒಳಗೆ ಹೋಗದೆ ಬಾಲ ಮುದುರಿಕೊಂಡು ಹಿಂದೆ ಬಂದವು. ಊರ ನಾಯಿಗಿದ್ದ ಬುದ್ಧಿ ಊರಿಗಿರಲಿಲ್ಲ. ಹಂದಿ ಹೊರಗೆ ಬರಲೊಲ್ಲದು ಅಂತ ಗಾಳಿ ಬೀಸುತ್ತಿದ್ದ ಕಡೆಯಿಂದ ತರಗಿಗೆ ಬೆಂಕಿ ಕೊಟ್ಟರು.

ಒಳಗೆ ಹಂದಿ ಇರಲೇ ಇಲ್ಲ.

ಚಿರತೆ ಹೊಗೆ ಸೀಳಿಕೊಂಡು ಗುಡ್ಡದ ಕಡೆಗೆ ನೆಗೆಯಿತು. ಅಡ್ಡ ನಿಂತಿದ್ದ ರಮೇಶ ಎಂಬುವನ ಭುಜ ಕಿತ್ತು, ಜನರ ಮೇಲಿಂದಲೇ ಹಾರಿ ಹೋಯಿತು. ದೊಣ್ಣೆ ಹಿಡಿದವರೆಲ್ಲ ದೊಣ್ಣೆ ಬಿಸಾಕಿ ಓಡಿದರು. ಬೆಂಕಿ ತನ್ನ ಪಾಡಿಗೆ ತಾನು ಉರಿಯಿತು.

ಮಂಡ್ಯಕ್ಕೆ ಫೋನು ಬಂದು ನಾವು ಹೋದಾಗ ರಮೇಶನನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಬೂದಿ ಇನ್ನೂ ಬಿಸಿಯಿತ್ತು. ಭಾಗ್ಯ ಕೋಲಿನಿಂದ ಕೆದಕುತ್ತಾ ನಡುವೆ ಹೋದಳು. ಒಂದು ಮರಿ ಸುಟ್ಟು ಕರಕಾಗಿತ್ತು, ಅದು ಮರಿ ಅಂತ ಹೇಳಿದರೆ ಮಾತ್ರ ಗೊತ್ತಾಗುವಷ್ಟು. ಇನ್ನೊಂದು ನೀರು ಹಾಯುವ ಕಾಲುವೆಯ ತಗ್ಗಿನಲ್ಲಿ, ಕೆಸರಿನಲ್ಲಿ ಹೊಟ್ಟೆ ಹೂತುಕೊಂಡು ಕುಳಿತಿತ್ತು. ಪಾದಗಳು ಬೆಂದಿದ್ದವು, ಉಸಿರಿತ್ತು. ಭಾಗ್ಯ ತನ್ನ ಟೋಪಿಯೊಳಗೆ ಅದನ್ನು ಎತ್ತಿಕೊಂಡಳು. ಟೋಪಿಯಲ್ಲಿ ಹಿಡಿಸುವಷ್ಟು ಜೀವ. ಸುತ್ತ ನಿಂತವರು ಫೋನು ಹಿಡಿದು, "ಮೇಡಮ್ಮೋರೇ, ಸ್ವಲ್ಪ ಈ ಕಡೆ ತಿರುಗ್ಸಿ" ಅನ್ನುತ್ತಿದ್ದರು. ಪುಟ್ಟಸ್ವಾಮಣ್ಣ ಮಾತ್ರ ದೂರದಲ್ಲಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದ. ಭಾಗ್ಯ ಅವನ ಮುಂದೆ ಹೋಗಿ ನಿಂತಳು.

"ಊರೋರ್ ಮಾತು ಮೀರಕ್ಕಾಯ್ತದಾ ಕಣವ್ವ?" ಅಂದ, ತಲೆ ಎತ್ತದೆ.

"ನಿಮ್ಮ ಮಾತು ಮೀರಬಹುದಾ ಹಾಗಾದ್ರೆ?" ಅಂದಳು. ಅಷ್ಟೇ ಅಂದದ್ದು. ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಅವನಿಗೂ ಹಗುರಾಗುತ್ತಿತ್ತು, ಇವಳಿಗೂ ಹಗುರಾಗುತ್ತಿತ್ತು.

ಕಚೇರಿಯ ಮೂಲೆಯಲ್ಲಿ ಟೊಮೇಟೊ ಕ್ರೇಟಿನಲ್ಲಿ ಗೋಣಿಚೀಲ ಹಾಸಿ ಮರಿಯನ್ನು ಮಲಗಿಸಿದೆವು. ಇಲಾಖೆಯ ಪಶು ಡಾಕ್ಟರು ಮುಲಾಮು ಕೊಟ್ಟರು. ಆಡಿನ ಹಾಲನ್ನು ಬಾಟಲಿಯಲ್ಲಿ ಕುಡಿಸುವುದು ಭಾಗ್ಯಳ ಕೆಲಸ, ಆಡಿನ ಹಾಲು ಹುಡುಕುವುದು ನನ್ನ ಕೆಲಸ. ಮೊದಲ ದಿನ ಉಗುಳಿತು. ಮರುದಿನ ಬಾಟಲಿಯನ್ನೇ ಕಚ್ಚಿ ಹಿಡಿದು ಗುರುಗುಟ್ಟಿತು. "ನೋಡಣ್ಣ, ಅಮ್ಮನ ಕೋಪ ಇದಕ್ಕೂ ಇದೆ" ಎಂದು ಭಾಗ್ಯ ನಕ್ಕಳು. ಮನೆಗೆ ಬಂದು ಅಮ್ಮಿಗೆ ಹೇಳಿದರೆ ಅವಳು ನಗಲಿಲ್ಲ. "ಜಾನ್ವರ್ ಕೀ ಬದ್ದುವಾ ನಕ್ಕೋ ಲೇರೇ ಬೇಟಾ," ಎಂದಳು. "ಮೂಕ ಪ್ರಾಣಿ ಶಾಪ ಏಳು ತಲೆ ಬಿಡಲ್ಲ. ಅದರ ತಾಯಿಗೆ ಕೊಟ್ಟು ಬಾ."

ತಾಯಿ ಅಲ್ಲೇ ಇತ್ತು. ದಿನಾ ಹೊತ್ತು ಮುಳುಗುವಾಗ ಗುಡ್ಡದಿಂದ ಇಳಿದು ಸುಟ್ಟ ಗದ್ದೆಗೆ ಬರುತ್ತಿತ್ತು. ಮರದ ದಿಮ್ಮಿಗೆ ಗರಗಸ ಹಾಕಿದಂಥ ದನಿಯಲ್ಲಿ ಕೂಗುತ್ತಿತ್ತು. ಬೂದಿಯಲ್ಲಿ ಅದರ ಹೆಜ್ಜೆ ಗದ್ದೆಯ ನಡುವೆ ಸುತ್ತಿ ಸುತ್ತಿ ಕಾಣುತ್ತಿತ್ತು. ಊರಲ್ಲಿ ಬೆಳಕಿರುವಾಗಲೇ ಬಾಗಿಲು ಹಾಕುತ್ತಿದ್ದರು. ಹಾಲು ಕರೆಯಲು ಕೊಟ್ಟಿಗೆಗೆ ಹೋಗುವ ಹೆಂಗಸರು ಜೊತೆಗೆ ತಮಟೆ ಬಡಿಯುವವನನ್ನು ಕರೆದುಕೊಂಡು ಹೋಗುತ್ತಿದ್ದರು. ಹಸುಗಳು ಹೆದರಿ ಸೊರ ಬಿಡುತ್ತಿರಲಿಲ್ಲ, ಕೆಚ್ಚಲಿನಿಂದ ಹಾಲೇ ಇಳಿಯುತ್ತಿರಲಿಲ್ಲ.

ಭಾಗ್ಯಳ ಲೆಕ್ಕ ಸರಳವಿತ್ತು. ಮರಿಯನ್ನು ಬುಟ್ಟಿಯಲ್ಲಿಟ್ಟು ಗುಡ್ಡದ ಅಂಚಿನಲ್ಲಿ ಬಿಟ್ಟು ಎಲ್ಲರೂ ದೂರ ಹೋಗುವುದು. ತಾಯಿ ಬಂದು ಎತ್ತಿಕೊಂಡು ಹೋಗುತ್ತದೆ. ಬೇರೆ ಕಡೆ ಹೀಗೆ ಮಾಡಿ ಕೂಡಿಸಿದ್ದಾರೆ. ಮರಿ ಸಿಕ್ಕಿದರೆ ಅದಕ್ಕೆ ಊರಿನ ಹತ್ತಿರ ಏನು ಕೆಲಸ? ಬುಟ್ಟಿ ತೆಗೆದುಕೊಂಡು ಹೋದೆವು. ಊರ ಬಾಗಿಲಲ್ಲೇ ಹೆಂಗಸರು ಮಕ್ಕಳು ಗಾಡಿಗೆ ಅಡ್ಡ ಕುಳಿತುಬಿಟ್ಟರು. ರಮೇಶನ ಅಣ್ಣ ಬಾನೆಟ್ಟಿನ ಮೇಲೆ ಬಡಿದ.

"ನಮ್ ಹುಡ್ಗ ಆಸ್ಪತ್ರೆಲಿ ಮಲ್ಗವ್ನೆ, ಕೈ ಬತ್ತದೋ ಇಲ್ವೋ ಗೊತ್ತಿಲ್ಲ. ನೀವು ಮರಿ ತಂದು ಮಡಗ್ತೀರಾ ಇಲ್ಲಿ? ಅದ್ಕೆ ಬಾಣಂತನ ಮಾಡಕ್ ಬಂದಿದ್ದೀರಾ?"

"ಮರಿ ಕೊಟ್ರೆ ಅದು ಹೋಗುತ್ತೆ ಕಣಣ್ಣ," ಅಂದಳು ಭಾಗ್ಯ. "ಕೊಡದೇ ಇದ್ರೆ ಇಲ್ಲೇ ಸುತ್ತುತ್ತೆ."

"ಸುತ್ತಾದ್ ಬ್ಯಾಡ, ಓಗಾದೂ ಬ್ಯಾಡ. ಇಡೀರಿ ಅದ್ನ. ಬೋನು ಮಡಗಿ ಇಡ್ಕಂಡು ಓಗಿ. ಇಲ್ಲಾಂದ್ರೆ ಎಣ್ಣೆ ಹಾಕ್ತೀವಿ." ಎಣ್ಣೆ ಅಂದರೆ ಗದ್ದೆಗೆ ಹೊಡೆಯುವ ವಿಷ. ಸತ್ತ ಕರುವಿಗೆ ಸುರಿದು ಇಟ್ಟರೆ ಮುಗಿಯಿತು. ಅವರು ಬರೀ ಬಾಯಿಮಾತಿಗೆ ಹೇಳುತ್ತಿರಲಿಲ್ಲ.

ನಮ್ಮ ಸಾಹೇಬರು ಬಂದರು. ಕೆಟ್ಟವರಲ್ಲ, ಹೆದರುವವರು. ಮೇಲಿನಿಂದ ಫೋನು, ಕೆಳಗಿನಿಂದ ಊರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವಂಥ ಉಪಾಯ ಅವರಿಗೆ ಬೇಕಿತ್ತು, ಸಿಕ್ಕಿತು. ಬೋನು ಎಂದರೆ ಉದ್ದದ ಕಬ್ಬಿಣದ ಪಂಜರ, ನಡುವೆ ಮೇಲಕ್ಕೆ ಎಳೆಯುವಂಥ ಒಂದು ಜಾಲರಿ. ಹಿಂದಿನ ಅಂಕಣದಲ್ಲಿ ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತಾರೆ, ಮುಂದಿನ ಅಂಕಣಕ್ಕೆ ಚಿರತೆ ಬಂದರೆ ಬಾಗಿಲು ಬೀಳುತ್ತದೆ. ಮೊದಲು ಮೇಕೆ ಕಟ್ಟಿ ಇಟ್ಟಿದ್ದ ಬೋನಿನ ಕಡೆ ತಾಯಿ ತಿರುಗಿಯೂ ನೋಡಿರಲಿಲ್ಲ. ಅದಕ್ಕೆ ಹಸಿವಿನ ಪರಿವೆಯೇ ಇರಲಿಲ್ಲ.

"ಮೇಕೆ ಬದಲು ಮರಿ ಇಡೋಣ," ಎಂದರು ಸಾಹೇಬರು. "ತಾಯಿ ಬಂದೇ ಬರುತ್ತೆ. ಎರಡನ್ನೂ ಒಟ್ಟಿಗೆ ತಗೊಂಡು ಹೋಗಿ ದೊಡ್ಡ ಕಾಡಿಗೆ ಒಟ್ಟಿಗೆ ಬಿಡೋಣ. ಊರಿಗೂ ಸಮಾಧಾನ, ನಿನಗೂ ಸಮಾಧಾನ. ಏನಮ್ಮಾ?"

"ಒಟ್ಟಿಗೇ ತಾನೇ ಸಾರ್?" ಅಂದಳು ಭಾಗ್ಯ.

"ಒಟ್ಟಿಗೇ."

ಸಂಜೆ ಮರಿಗೆ ಹೊಟ್ಟೆ ತುಂಬ ಹಾಲು ಕುಡಿಸಿ, ಪಾದಕ್ಕೆ ಮುಲಾಮು ಹಚ್ಚಿ, ಹಿಂದಿನ ಅಂಕಣದಲ್ಲಿ ಗೋಣಿಚೀಲದ ಮೇಲೆ ಕೂರಿಸಿದಳು. ಬೋನಿನ ಮೇಲೆ ಕಬ್ಬಿನ ಸೋಗೆ ಹೊದಿಸಿದೆವು. ಮರಿ ಒಂದೇ ಸಮ ಕೂಗುತ್ತಿತ್ತು. ನಾವು ನಾಲೆಯ ಆಚೆ ಹೋಗಿ ಗಾಡಿಯಲ್ಲಿ ಕುಳಿತೆವು. ಕತ್ತಲಾಗುತ್ತಿದ್ದಂತೆಯೇ ಬಾಗಿಲು ಬಿದ್ದ ಸದ್ದು ಕೇಳಿತು. ಬೆಳಗಾಗುವವರೆಗೆ ಯಾರೂ ಹತ್ತಿರ ಹೋಗಬಾರದು, ಪ್ರಾಣಿ ಗಾಬರಿಯಾಗುತ್ತೆ ಅಂತ ಸಾಹೇಬರ ಆಜ್ಞೆ. ಕಬ್ಬಿಣ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಬಾಗಿಲು ಬಡಿಯುತ್ತಿದೆ, ಸುಸ್ತಾಗಿ ಸುಮ್ಮನಾಗುತ್ತೆ ಎಂದು ನಾನು ಭಾಗ್ಯಳಿಗೆ ಹೇಳುತ್ತಾ ಕುಳಿತೆ.

ಬೆಳಿಗ್ಗೆ ನೋಡಿದರೆ ಬಾಗಿಲಿಗೆ ಒಂದು ಗೀರೂ ಇರಲಿಲ್ಲ. ಸಿಕ್ಕಿಬಿದ್ದ ಯಾವ ಚಿರತೆಯೂ ತಪ್ಪಿಸಿಕೊಳ್ಳಲು ಬಾಗಿಲನ್ನು ಕಡಿಯುತ್ತದೆ. ಇವಳು ಬಾಗಿಲ ಕಡೆ ತಿರುಗಿಯೇ ಇರಲಿಲ್ಲ. ನಡುವಿನ ಜಾಲರಿಯನ್ನು ಕಡಿದಿದ್ದಳು. ಆಚೆ ಮರಿ, ಈಚೆ ತಾಯಿ, ನಡುವೆ ಬೆರಳು ದಪ್ಪದ ಕಂಬಿ. ಬಾಯಿ ತುಂಬ ರಕ್ತ. ನಾಲ್ಕು ಕೋರೆಹಲ್ಲೂ ಬುಡಕ್ಕೆ ಮುರಿದಿದ್ದವು. ಒಂದು ಹಲ್ಲಿನ ಚೂರು ಮರಿಯ ಗೋಣಿಚೀಲದ ಮೇಲೆ ಬಿದ್ದಿತ್ತು.

ಅಷ್ಟರಲ್ಲಿ ಊರಿಗೆ ಊರೇ ಬಂತು. ಪಕ್ಕದ ಊರುಗಳಿಂದ ಬೈಕುಗಳಲ್ಲಿ ಬಂದರು. ಯಾರೋ ಕಬ್ಬಿನ ಜಲ್ಲೆ ಕಂಬಿಯೊಳಗೆ ತೂರಿಸಿ ತಿವಿದ. ಅವಳು ಎದ್ದು ಗರ್ಜಿಸಿದರೆ ಶಿಳ್ಳೆ, ಮಲಗಿದರೆ ಮತ್ತೆ ತಿವಿತ. "ಕೂಗ್ಲಾ ಮಗ್ನೆ, ಈಗ ಕೂಗು" ಎಂದು ರಮೇಶನ ಅಣ್ಣ ಕಲ್ಲು ಎತ್ತಿದ. ಅವನ ಕೈ ಹಿಡಿದು ಕಲ್ಲು ಕಿತ್ತುಕೊಂಡವನು ಪುಟ್ಟಸ್ವಾಮಣ್ಣ. "ಸಾಕ್ ಬುಡ್ಲಾ, ಮನೆ ಹಾಳಾಗೋಯ್ತದೆ" ಎಂದ. ಆಮೇಲೆ ಅವನೂ ಫೋನು ತೆಗೆದು ಒಂದು ಫೋಟೊ ಹೊಡೆದುಕೊಂಡ. ಊರಿನ ಮುಖಂಡರೊಬ್ಬರು ಸಾಹೇಬರಿಗೆ ಹಾರ ಹಾಕಿದರು. ಭಾಗ್ಯಳಿಗೂ ಹಾಕಲು ಹೋದರು. ಅವಳು ಬೋನಿನ ಹಿಂದೆ ಹೋಗಿ ನಿಂತಳು.

ಡಾಕ್ಟರು ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. "ಕೋರೆ ಇಲ್ಲದ ಚಿರತೆ ಬೇಟೆ ಆಡಲಾರದು. ಇದನ್ನ ಕಾಡಿಗೆ ಬಿಡೋ ಹಾಗಿಲ್ಲ. ಮೈಸೂರಿನ ಹತ್ತಿರದ ಪುನರ್ವಸತಿ ಕೇಂದ್ರಕ್ಕೆ ಕಳಿಸಬೇಕು. ಬದುಕಿರೋವರೆಗೂ ಅಲ್ಲೇ."

"ಮರಿ?" ಅಂದಳು ಭಾಗ್ಯ.

"ಮರೀನ ಬೇರೆ ಇಡ್ತಾರಮ್ಮ. ಅಲ್ಲಿ ನಿಯಮ ಇರುತ್ತೆ."

ಭಾಗ್ಯ ಸಾಹೇಬರ ಮುಖ ನೋಡಿದಳು. ಸಾಹೇಬರು ಕೊರಳಿನ ಹಾರ ತೆಗೆಯುವುದರಲ್ಲಿ ಮಗ್ನರಾಗಿದ್ದರು. ನನಗೆ ಆ ಗಳಿಗೆಯಲ್ಲಿ ಬಂದಷ್ಟು ಸಿಟ್ಟು ಯಾವತ್ತೂ ಬಂದಿಲ್ಲ. ಆದರೆ ಗುತ್ತಿಗೆ ಡ್ರೈವರನ ಸಿಟ್ಟು ದವಡೆಗೆ ಮೂಲ.

ಬೋನನ್ನು ಪಿಕಪ್ಪಿಗೆ ಏರಿಸಿ ಟಾರ್ಪಾಲು ಹೊದಿಸಿ ಹೊರಟೆವು. ಸಾಹೇಬರ ಜೀಪು ಮುಂದೆ ಹೋಯಿತು. ಪಾಂಡವಪುರ ದಾಟಿದ ಮೇಲೆ ಭಾಗ್ಯ, "ಅಣ್ಣ, ನಿಲ್ಲಿಸು" ಎಂದಳು. ನಿಲ್ಲಿಸಿದೆ. ಇಳಿದು ಹಿಂದೆ ಹೋಗಿ, ಬೋನಿನ ಮೇಲೆ ಹತ್ತಿ, ನಡುವಿನ ಜಾಲರಿಯ ಹಗ್ಗ ಎಳೆದುಬಿಟ್ಟಳು. ಜಾಲರಿ ಮೇಲೆದ್ದಿತು. ನಾನು ಬೇಡ ಎನ್ನಲಿಲ್ಲ, ನನಗೂ ಅದೇ ಬೇಕಿತ್ತು. ಕೇಂದ್ರದಲ್ಲಿ ಬೇರೆ ಮಾಡುವುದಾದರೆ ಮಾಡಿಕೊಳ್ಳಲಿ, ದಾರಿ ಮುಗಿಯುವವರೆಗಾದರೂ ಒಟ್ಟಿಗೆ ಇರಲಿ.

ಶ್ರೀರಂಗಪಟ್ಟಣದ ಹೊರಗೆ ಚಹಾದಂಗಡಿಯ ಹತ್ತಿರ ನಿಂತಾಗ ಭಾಗ್ಯ ಟಾರ್ಪಾಲಿನ ತುದಿ ಎತ್ತಿ ಇಣುಕಿದಳು. ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು.

"ಎತ್ಕೊಂಡವ್ಳೆ ಕಣಣ್ಣ! ಬಾಯಲ್ಲಿ ಎತ್ಕೊಂಡು ಓಡಾಡ್ತಾವ್ಳೆ!" ಎಂದಳು. ಖುಷಿಯಲ್ಲಿ ಅವಳ ಬಾಯಿಗೆ ಕಿಕ್ಕೇರಿ ಬಂದುಬಿಟ್ಟಿತ್ತು.

ನಾನೂ ಇಣುಕಿದೆ. ಹೌದು, ಮರಿಯನ್ನು ಕಚ್ಚಿ ಹಿಡಿದು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಚಿರತೆ ತಾಯಂದಿರು ಅಪಾಯ ಕಂಡರೆ ಮರಿಯನ್ನು ಹೀಗೆ ಹೊತ್ತು ಬೇರೆ ಜಾಗಕ್ಕೆ ಸಾಗಿಸುತ್ತವೆ ಎಂದು ಭಾಗ್ಯಳೇ ನನಗೆ ಹೇಳಿದ್ದಳು. ನಾವು ಚಹಾ ಕುಡಿದೆವು. ಒಂದೊಂದು ಬನ್ನೂ ತಿಂದೆವು. ಅಮ್ಮಿಗೆ ಫೋನು ಮಾಡಿ, ತಾಯಿಗೆ ಕೊಟ್ಟೆವಮ್ಮಿ ಅಂದೆ. "ಶುಕರ್ ಹೈ" ಎಂದು ದೇವರನ್ನು ನೆನೆದಳು. ಅಲ್ಲಿಂದ ಮುಂದೆ ಪ್ರತಿಯೊಂದು ಹಂಪಿನಲ್ಲೂ ಮದುಮಗಳನ್ನು ಕರೆದುಕೊಂಡು ಹೋಗುವ ಹಾಗೆ ಗಾಡಿ ಇಳಿಸಿದೆ.

ಕೇಂದ್ರದಲ್ಲಿ ಟಾರ್ಪಾಲು ತೆಗೆದರು. ಅವಳು ಇನ್ನೂ ನಡೆಯುತ್ತಲೇ ಇದ್ದಳು. ಮರಿ ಇನ್ನೂ ಬಾಯಲ್ಲೇ ಇತ್ತು. ಅಲ್ಲಿಯ ಡಾಕ್ಟರಮ್ಮ ಒಂದು ನಿಮಿಷ ನೋಡಿ, "ಮರಿ ಸತ್ತಿದೆ" ಎಂದರು. ಅವಳು ಕೆಳಗಿಡಲೊಲ್ಲಳು. ಎಲ್ಲಿ ಇಡುವುದು? ಆ ತುದಿಗೆ ಹೋದರೂ ಕಂಬಿ, ಈ ತುದಿಗೆ ಬಂದರೂ ಕಂಬಿ. ಮರಿ ಇಳಿಸಲು ಒಂದು ಪೊದೆ ಸಿಗುವವರೆಗೆ ನಡೆಯುವುದಷ್ಟೇ ಅವಳಿಗೆ ಗೊತ್ತಿತ್ತು. ಕೊನೆಗೆ ಅರಿವಳಿಕೆ ಚುಚ್ಚಿ ಮಲಗಿಸಿ, ದವಡೆ ಬಿಡಿಸಿ ಮರಿಯನ್ನು ಹೊರಗೆ ತೆಗೆದರು.

"ಕೋಪದಲ್ಲಿ ಕೊಂದಿದ್ದಲ್ಲ," ಎಂದು ಡಾಕ್ಟರಮ್ಮ ಕುತ್ತಿಗೆ ಸವರಿ ನೋಡಿ ಹೇಳಿದರು. "ಕೋರೆಹಲ್ಲಿದ್ದರೆ ಹಿಡಿತದ ಅಂದಾಜು ಸಿಗುತ್ತೆ, ಮರಿಗೆ ನೋವಾಗಲ್ಲ. ಹಲ್ಲಿಲ್ಲ, ಜಾರಿದೆ. ಜಾರಿದ ಹಾಗೆಲ್ಲ ಇನ್ನಷ್ಟು ಬಿಗಿ ಹಿಡಿದಿದ್ದಾಳೆ. ಇವಳನ್ನೂ ಮರಿಯನ್ನೂ ಕೂಡಿಸಿದ್ದು ಯಾರು?"

ಭಾಗ್ಯ ಮರಿಯ ಬೆಂದ ಪಾದವನ್ನು ಒಮ್ಮೆ ಮುಟ್ಟಿದಳು. "ಅವಳಿಗೆ ಎಚ್ಚರ ಆಗೋವರೆಗೆ ಪಕ್ಕದಲ್ಲೇ ಇಡಬಹುದಾ ಮೇಡಂ? ಒಂದ್ಸಲ ಮೂಸಿ ನೋಡಲಿ" ಎಂದಳು.

"ಬೇಡಮ್ಮ. ಎಷ್ಟೋ ದಿನದಿಂದ ಹಸಿದಿದ್ದಾಳೆ. ತಿಂದುಬಿಡ್ತಾಳೆ."

ಮರಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಚಿರತೆಯನ್ನು ಅವರ ದೊಡ್ಡ ಪಂಜರಕ್ಕೆ ಬದಲಿಸಿದರು. ಖಾಲಿ ಬೋನನ್ನು ನಾನು ಗಾಡಿಗೆ ಕಟ್ಟುತ್ತಿರುವಾಗ ಅವಳಿಗೆ ಎಚ್ಚರವಾಯಿತು. ತೂರಾಡುತ್ತಾ ಎದ್ದು ಮೂಲೆ ಮೂಲೆ ಮೂಸಿದಳು. ಹಾಸಿದ್ದ ಹುಲ್ಲನ್ನು ಕೆದರಿ ನೋಡಿದಳು. ಆಮೇಲೆ ಕರೆಯತೊಡಗಿದಳು. ಗರಗಸದ ಆ ಕೂಗು ಅಲ್ಲ, ನಾನು ಅದುವರೆಗೆ ಕೇಳಿರದ ಸಣ್ಣ ದನಿ, ಮಗುವನ್ನು ಊಟಕ್ಕೆ ಕರೆಯುವಂಥದ್ದು. ಕರೆಯುವುದು, ಕಿವಿ ನೆಟ್ಟಗೆ ಮಾಡಿ ಕೇಳಿಸಿಕೊಳ್ಳುವುದು, ಮತ್ತೆ ಕರೆಯುವುದು.

ಭಾಗ್ಯ ಗಾಡಿಯಲ್ಲಿ ಕುಳಿತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಳು. ಬೋನಿನ ಹಗ್ಗ ಇನ್ನೂ ಕಟ್ಟಿ ಆಗಿರಲಿಲ್ಲ. ನಾನು ಬಂದು ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲೇಟರು ಒತ್ತಿ ಹಿಡಿದು ಕುಳಿತೆ, ಇಂಜಿನಿನ ಸದ್ದಾದರೂ ಆಗಲಿ ಅಂತ.